ನಾಯಿ, ಬೆಕ್ಕಿಗೆ ನೋವಾದಾಗ: ನಿಮ್ಮ ಮಾತ್ರೆ ಡಬ್ಬಿಗೆ ಕೈ ಹಾಕುವ ಮುನ್ನ

ಒಂದು ಸಂಜೆ ನಮ್ಮ ಮನೆ ನಾಯಿ ಕರಿಯ ಮಂಕಾಗಿ ಮಲಗಿದ್ದ. ಅತ್ತೆ ಕಿವಿ ಮುಟ್ಟಿ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. "ಮೈ ಕಾದ ಹೆಂಚಿನ ಹಾಗಿದೆ, ಜ್ವರ ಬಂದಿದೆ ಕಣೇ" ಅಂತ ನನಗೆ ಫೋನ್ ಮಾಡಿದರು. ನಾನು ಆಫೀಸಿನಿಂದ ಮನೆ ಮುಟ್ಟುವಷ್ಟರಲ್ಲಿ ಅರ್ಧ ಡೋಲೋ 650, ಅಂದರೆ ನಮ್ಮ ಜ್ವರದ ಪ್ಯಾರಸಿಟಮಾಲ್ ಮಾತ್ರೆ, ಬೆಲ್ಲದ ಉಂಡೆಯೊಳಗೆ ಸೇರಿ ಕರಿಯನ ಹೊಟ್ಟೆಗೆ ಹೋಗಿಯಾಗಿತ್ತು.

ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೂರೇ ಪ್ರಶ್ನೆ ಕೇಳಿದರು. ತೂಕ ಎಷ್ಟು? ಎಷ್ಟು ಮಾತ್ರೆ? ಎಷ್ಟು ಹೊತ್ತಾಯಿತು? ಕರಿಯ 12 ಕಿಲೋ ಇದ್ದ. ಲೆಕ್ಕ ಹಾಕಿ, "ಇವತ್ತು ರಾತ್ರಿ ಕಣ್ಣಿಟ್ಟಿರಿ, ಬೆಳಿಗ್ಗೆ ಕರೆದುಕೊಂಡು ಬನ್ನಿ. ನಾಯಿ ಆಗಿದ್ದಕ್ಕೆ ಬಚಾವ್. ಬೆಕ್ಕಾಗಿದ್ದರೆ ಈಗಲೇ ಆಟೋ ಹತ್ತಿ ಅಂತಿದ್ದೆ" ಅಂದರು. ಅದೇ ಅರ್ಧ ಮಾತ್ರೆ ನಾಲ್ಕು ಕಿಲೋ ಬೆಕ್ಕಿನ ಜೀವ ತೆಗೆಯಲು ಸಾಕು.

ಇನ್ನೊಂದು ವಿಷಯ ಮರುದಿನ ಗೊತ್ತಾಯಿತು. ಅವನಿಗೆ ಜ್ವರವೇ ಇರಲಿಲ್ಲ. ಹಿಂಗಾಲಿನ ಬೆರಳ ಸಂದಿಯಲ್ಲಿ ಮುಳ್ಳು ಮುರಿದಿತ್ತು.

ಅವತ್ತಿನಿಂದ ಡಾಕ್ಟರನ್ನು ಕೇಳಿ, ಓದಿ, ತಪ್ಪು ಮಾಡಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಹಾಗಾಗಿ ಈ ಲೇಖನದಲ್ಲಿ ಯಾವ ಔಷಧಿಯನ್ನೂ "ಇಷ್ಟು ಕೊಡಿ" ಅಂತ ಹೇಳುವುದಿಲ್ಲ.

ಈಗಾಗಲೇ ಮಾತ್ರೆ ತಿಂದಿದೆಯಾ? ಇದನ್ನು ಮೊದಲು ಓದಿ

ನೀವೇ ಕೊಟ್ಟಿರಲಿ, ಅದೇ ಸ್ಟ್ರಿಪ್ ಕಚ್ಚಿ ತಿಂದಿರಲಿ, ಮಾಡಬೇಕಾದ್ದು ಒಂದೇ.

ಸ್ಟ್ರಿಪ್ ಕೈಗೆ ತೆಗೆದುಕೊಳ್ಳಿ. ಎಷ್ಟು ಮಾತ್ರೆ ಕಡಿಮೆಯಿದೆ ಎಣಿಸಿ. ನೆಲದಲ್ಲಿ, ಸೋಫಾ ಕೆಳಗೆ ಬಿದ್ದಿದೆಯಾ ನೋಡಿ. ಲೆಕ್ಕ ಸರಿಯಾಗಿ ಸಿಗದಿದ್ದರೆ ಜಾಸ್ತಿಯೇ ತಿಂದಿದೆ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಎರಡು ಬೆಕ್ಕಿದ್ದು ಯಾವುದು ತಿಂದಿದ್ದು ಗೊತ್ತಿಲ್ಲವೇ? ಎರಡೂ ತಿಂದಿವೆ ಅಂದುಕೊಂಡೇ ಹೊರಡಿ.

ಆಮೇಲೆ ತಕ್ಷಣ ಪಶುವೈದ್ಯರಿಗೆ ಫೋನ್. ಪ್ರಾಣಿಯ ತೂಕ, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಾಯಿತು, ಮೊದಲೇ ಬೇರೆ ಔಷಧಿ ನಡೆಯುತ್ತಿದೆಯಾ, ಇಷ್ಟು ಹೇಳಿ. "ಚೆನ್ನಾಗಿಯೇ ಆಡ್ಕೊಂಡಿದೆ, ಏನಾದರೂ ಆದರೆ ನೋಡೋಣ" ಅಂತ ಮಾತ್ರ ಕಾಯಬೇಡಿ. ಹೊಟ್ಟೆಯಲ್ಲಿರುವ ಮಾತ್ರೆಯನ್ನು ವಾಂತಿ ಮಾಡಿಸಿ ತೆಗೆಯಲು ಡಾಕ್ಟರಿಗೆ ಸಿಗುವ ಸಮಯ ಸುಮಾರು ಒಂದೆರಡು ಗಂಟೆ ಅಷ್ಟೇ. ಲಕ್ಷಣ ಕಾಣಿಸುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ.

ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಇದು ನಮ್ಮಲ್ಲಿ ತುಂಬಾ ಜನ ಮಾಡುವ ತಪ್ಪು. ರಕ್ತದಲ್ಲಿ ಸೋಡಿಯಂ ಏರಿ, ಮಾತ್ರೆಗಿಂತ ಉಪ್ಪೇ ಮೊದಲು ಕೊಲ್ಲಬಹುದು. ಗಂಟಲಿಗೆ ಬೆರಳು ಹಾಕುವುದೂ ಬೇಡ. ಹಾಲು, ಮಜ್ಜಿಗೆ, ಅರಿಶಿನ ನೀರು ಯಾವುದೂ ವಿಷ ಇಳಿಸುವುದಿಲ್ಲ. ಬಾಯಿ ಬಿಡಿಸಿ ಸುರಿಯುವಾಗ ಅದು ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ತೊಂದರೆ.

ಪ್ಯಾರಸಿಟಮಾಲ್ ವಿಷಕ್ಕೆ ಔಷಧಿ ಇದೆ, ಅಸಿಟೈಲ್‌ಸಿಸ್ಟೀನ್ ಅಂತ. ಮನುಷ್ಯರು ಪ್ಯಾರಸಿಟಮಾಲ್ ಜಾಸ್ತಿ ನುಂಗಿದಾಗ ಆಸ್ಪತ್ರೆಯಲ್ಲಿ ಕೊಡುವುದೂ ಇದನ್ನೇ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲದಿದ್ದರೆ ಡಾಕ್ಟರ್ ಚೀಟಿ ಬರೆದುಕೊಟ್ಟರೆ ದೊಡ್ಡ ಮೆಡಿಕಲ್ ಸ್ಟೋರ್‌ನಲ್ಲಿ ವಿಚಾರಿಸಬಹುದು. ಬೇಗ ಸಿಕ್ಕಷ್ಟೂ ಒಳ್ಳೆಯದು.

ರಾತ್ರಿ ಹೊತ್ತು ಡಾಕ್ಟರ್ ಸಿಗುವುದೇ ದೊಡ್ಡ ಕಷ್ಟ. ಅದಕ್ಕೇ ಇವತ್ತೇ ಒಂದು ಕೆಲಸ ಮಾಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ, ಒಂದು ಖಾಸಗಿ ಕ್ಲಿನಿಕ್, ರಾತ್ರಿ ತೆರೆದಿರುವ ಒಂದು ಜಾಗ, ಈ ಮೂರರ ನಂಬರ್ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಕಡೆ ಇರುವವರಿಗೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. 1962 ಸಹಾಯವಾಣಿ ಮುಖ್ಯವಾಗಿ ದನಕರುಗಳಿಗೆ ಇರುವುದು. ಆದರೂ ಹಳ್ಳಿ ಕಡೆಯವರು ಆ ನಂಬರ್ ಇಟ್ಟುಕೊಂಡಿದ್ದರೆ ನಷ್ಟವಿಲ್ಲ.

ಅದು ಜ್ವರವಾ, ನೋವಾ? ಮೊದಲು ಅಳೆಯಿರಿ

ನಮ್ಮತ್ತೆ ಮಾಡಿದ ತಪ್ಪನ್ನು ಅರ್ಧ ಕರ್ನಾಟಕವೇ ಮಾಡುತ್ತದೆ ಅಂತ ನನ್ನ ಗುಮಾನಿ. ನಮ್ಮ ಮೈಬಿಸಿ 98.6 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ 101ರಿಂದ 102.5 ಇರುವುದೇ ಸರಿ. ಬೆಕ್ಕಿಗೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಆರೋಗ್ಯವಾಗಿರುವ ನಾಯಿಯೂ ನಮ್ಮ ಕೈಗೆ ಜ್ವರ ಬಂದ ಹಾಗೇ ಬಿಸಿ ಹತ್ತುತ್ತದೆ! ಮೂಗು ಒಣಗಿದ್ದರೆ ಜ್ವರ ಅನ್ನುವುದೂ ಸುಳ್ಳು. ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿಯೇ ಇರುತ್ತದೆ.

ಒಂದು ಡಿಜಿಟಲ್ ಥರ್ಮಾಮೀಟರ್ ನಾಯಿಗೆಂದೇ ಬೇರೆ ಇಡಿ. ಬೇರೆ ಯಾಕೆ ಅಂದರೆ ಅದನ್ನು ಇಡಬೇಕಾದ ಜಾಗ ಬಾಯಲ್ಲ. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ, ಗುದದೊಳಗೆ ಮೆಲ್ಲಗೆ ಒಂದೆರಡು ಸೆಂಟಿಮೀಟರ್ ಹಾಕಿ ಬೀಪ್ ಬರುವವರೆಗೆ ಹಿಡಿದುಕೊಳ್ಳಬೇಕು. ಇನ್ನೊಬ್ಬರು ತಲೆ ಹಿಡಿದು ಮಾತಾಡಿಸುತ್ತಿದ್ದರೆ ಸುಲಭ. ಪ್ರಾಣಿ ಒದ್ದಾಡಿದರೆ, ಕಚ್ಚಲು ಬಂದರೆ ಬಿಟ್ಟುಬಿಡಿ, ಡಾಕ್ಟರೇ ನೋಡುತ್ತಾರೆ. 103 ದಾಟಿದ್ದರೆ ಫೋನ್ ಮಾಡಿ. 104 ದಾಟಿದ್ದರೆ ಅವತ್ತೇ ಹೋಗಿ.

ನೋವಿನ ವಿಷಯ ಇನ್ನೂ ಸೂಕ್ಷ್ಮ. ನೋವಿದ್ದರೆ ಕೂಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ? ತುಂಬಾ ನಾಯಿಗಳು ಕೂಗುವುದೇ ಇಲ್ಲ. ಗೇಟಿನ ಸದ್ದಿಗೆ ಎದ್ದು ಬರುತ್ತಿದ್ದದ್ದು ಬರುವುದಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಯೋಚನೆ ಮಾಡುತ್ತದೆ. ಒಂದೇ ಜಾಗವನ್ನು ನೆಕ್ಕುತ್ತಲೇ ಇರುತ್ತದೆ. ಬಿಸಿಲಿಲ್ಲ, ಓಡಿಲ್ಲ, ಆದರೂ ಏದುಸಿರು ಬಿಡುತ್ತದೆ. ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗ ಮೇಲೆತ್ತಿ ಬಹಳ ಹೊತ್ತು ನಿಂತಿದ್ದರೆ ಅದು ಆಟವಲ್ಲ, ಹೊಟ್ಟೆನೋವಿರಬಹುದು.

ಬೆಕ್ಕಂತೂ ನೋವು ಮುಚ್ಚಿಡುವುದರಲ್ಲಿ ಪಂಟ. ಮಂಚದ ಕೆಳಗೆ ಸೇರಿಬಿಡುತ್ತದೆ. ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಕೂದಲು ಸಿಕ್ಕುಗಟ್ಟುತ್ತದೆ. ಕಿಟಕಿ ಕಟ್ಟೆಗೆ ಹಾರುತ್ತಿದ್ದದ್ದು ಕುರ್ಚಿಗೂ ಹಾರುವುದಿಲ್ಲ. ಮುಖ ನೋಡಿದರೂ ತಿಳಿಯುತ್ತದೆ. ಕಣ್ಣು ಅರೆಮುಚ್ಚಿ, ಕಿವಿ ಪಕ್ಕಕ್ಕೆ ತಿರುಗಿ, ಮೂತಿ ಬಿಗಿದು, ತಲೆ ಭುಜಕ್ಕಿಂತ ತಗ್ಗಿಸಿ ಕೂತಿರುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಇದನ್ನೇ ಅಂಕ ಕೊಟ್ಟು ಅಳೆಯುವ ಪಟ್ಟಿ ಮಾಡಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ, ಈ ಐದನ್ನೇ ಅವರು ನೋಡುವುದು. ಗುರ್ ಗುರ್ ಅನ್ನುತ್ತಿದೆ, ಹಾಗಾಗಿ ಖುಷಿಯಾಗಿದೆ ಅಂತ ನಂಬಬೇಡಿ. ನೋವಿದ್ದಾಗಲೂ ಬೆಕ್ಕು ಗುರ್‌ಗುಟ್ಟುತ್ತದೆ.

ಕಂಡದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಮನೆಯಲ್ಲಿ ಕುಂಟುವ ನಾಯಿ ಕ್ಲಿನಿಕ್ಕಿಗೆ ಹೋದ ತಕ್ಷಣ ಹೆದರಿಕೆಗೆ ನೆಟ್ಟಗೆ ನಡೆಯುತ್ತದೆ. ಆಗ ವಿಡಿಯೋನೇ ಸಾಕ್ಷಿ.

ಕಾಯಬಾರದ ಸಂದರ್ಭಗಳು

ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ ಅಂದರೆ ಅದು ಮಲಬದ್ಧತೆ ಅಂತ ಬೆಳಗಿನವರೆಗೆ ಬಿಡಬೇಡಿ. ಮೂತ್ರದ ದಾರಿ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು. ದೊಡ್ಡ ತಳಿಯ ನಾಯಿ ಹೊಟ್ಟೆ ಉಬ್ಬಿಸಿಕೊಂಡು, ವಾಂತಿ ಬಾರದೆ ಸುಮ್ನೆ ಓಕರಿಸುತ್ತಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಗಾಡಿ ಬಡಿದಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ, ಒಸಡು ಬೆಳ್ಳಗೆ, ನೀಲಿಯಾಗಿ ಅಥವಾ ಕಂದಾಗಿ ಕಂಡರೆ, ಆಗಲೂ ಅಷ್ಟೇ. ಇವುಗಳಲ್ಲಿ ಯಾವುದಕ್ಕೂ ನೋವಿನ ಮಾತ್ರೆ ಉತ್ತರವಲ್ಲ.

ನಮ್ಮ ಮಾತ್ರೆ ಅವುಗಳ ಹೊಟ್ಟೆಯಲ್ಲಿ ಏನು ಮಾಡುತ್ತದೆ

"ಚಿಕ್ಕ ಪ್ರಾಣಿ, ಕಾಲು ಮಾತ್ರೆ ಕೊಟ್ಟರೆ ಆಯ್ತು" ಅನ್ನುವ ಲೆಕ್ಕವನ್ನು ನಾನು ಮೆಡಿಕಲ್ ಸ್ಟೋರಿನಲ್ಲೂ ಕೇಳಿದ್ದೇನೆ. ಲೆಕ್ಕದ ತಪ್ಪು ಎಲ್ಲಿದೆ ಅಂದರೆ, ಬೆಕ್ಕು ಚಿಕ್ಕ ಮನುಷ್ಯ ಅಲ್ಲ. ಅದರ ಲಿವರ್ ಬೇರೆ ಥರ.

ಪ್ಯಾರಸಿಟಮಾಲ್ ನಮ್ಮ ಹೊಟ್ಟೆಗೆ ಹೋದರೆ ಲಿವರ್ ಅದಕ್ಕೆ ಒಂದು ಸಕ್ಕರೆಯಂಥ ವಸ್ತು ಅಂಟಿಸಿ, ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಹಾಗೆ ಅಂಟಿಸುವ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ಹೊರಗೆ ಹೋಗಬೇಕಾದ್ದು ಒಳಗೇ ಉಳಿದು ವಿಷವಾಗಿ ಬದಲಾಗುತ್ತದೆ. ಆ ವಿಷ ಕೆಂಪು ರಕ್ತಕಣಗಳಿಗೇ ಬಡಿಯುತ್ತದೆ. ರಕ್ತ ಓಡುತ್ತಿರುತ್ತದೆ, ಆದರೆ ಆಮ್ಲಜನಕ ಹೊರುವ ಶಕ್ತಿ ಅದಕ್ಕಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಒಸಡು ಚಾಕಲೇಟ್ ಬಣ್ಣಕ್ಕೆ ತಿರುಗುತ್ತದೆ, ಉಸಿರು ಜೋರಾಗುತ್ತದೆ, ಮುಖ ಮತ್ತು ಪಂಜ ಊದಿಕೊಳ್ಳುತ್ತವೆ, ಉಚ್ಚೆ ಕಡು ಬಣ್ಣಕ್ಕೆ ಬರುತ್ತದೆ. ಬೆಕ್ಕಿಗೆ ಸುರಕ್ಷಿತವಾದ ಪ್ಯಾರಸಿಟಮಾಲ್ ಪ್ರಮಾಣ ಅಂತ ಒಂದಿಲ್ಲ. ಕಾಲು ಮಾತ್ರೆಯೂ ಇಲ್ಲ, ಚಿಟಿಕೆಯೂ ಇಲ್ಲ.

ನಾಯಿ ಇದನ್ನು ಬೆಕ್ಕಿಗಿಂತ ಸ್ವಲ್ಪ ತಾಳಿಕೊಳ್ಳುತ್ತದೆ. ಆದರೆ ಪ್ರಮಾಣ ಮೀರಿದರೆ ಲಿವರ್ ಹೋಗುತ್ತದೆ. ಮೊದಲು ವಾಂತಿ, ಊಟ ಬಿಡುವುದು. ಎರಡು ಮೂರು ದಿನಕ್ಕೆ ಕಣ್ಣಿನ ಬಿಳಿಭಾಗ, ಒಸಡು ಹಳದಿಯಾಗುತ್ತವೆ.

ಕಾಂಬಿಫ್ಲಾಮ್ ಇನ್ನೂ ಕೆಟ್ಟದ್ದು. ಅದರಲ್ಲಿ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಜೊತೆ 400 ಮಿಲಿಗ್ರಾಂ ಐಬುಪ್ರೊಫೇನ್ ಇದೆ. ಒಂದೇ ಮಾತ್ರೆಯಲ್ಲಿ ಎರಡು ಕಂಟಕ. ಐಬುಪ್ರೊಫೇನ್ ನಾಯಿಯ ಪಿತ್ತದ ಜೊತೆ ಕರುಳಿಗೆ ಬಂದು, ಅಲ್ಲಿಂದ ಮತ್ತೆ ರಕ್ತ ಸೇರುತ್ತದೆ. ಹೀಗೆ ಸುತ್ತು ಹೊಡೆಯುತ್ತಾ ಬಹಳ ಹೊತ್ತು ಒಳಗೇ ಉಳಿಯುತ್ತದೆ. ಹೊಟ್ಟೆಯ ಒಳಪದರವನ್ನು ಕಾಯುವ ಮತ್ತು ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವ ರಾಸಾಯನಿಕಗಳನ್ನೇ ಇದು ತಡೆಯುತ್ತದೆ. ಫಲ? ಹುಣ್ಣು, ರಕ್ತವಾಂತಿ, ಟಾರಿನಂಥ ಕರಿ ಮಲ. ಪ್ರಮಾಣ ಜಾಸ್ತಿಯಾದರೆ ಕಿಡ್ನಿ ಕೈಕೊಡುತ್ತದೆ. ಐದು ಕಿಲೋ ಪಾಮೇರಿಯನ್‌ಗೆ ಒಂದು ಮಾತ್ರೆ ಅಂದರೆ ಕಿಲೋಗೆ 80 ಮಿಲಿಗ್ರಾಂ ಐಬುಪ್ರೊಫೇನ್ ಆಯಿತು. ಹೊಟ್ಟೆಯಲ್ಲಿ ಹುಣ್ಣಾಗಲು ಅಷ್ಟು ಬೇಕಾದಷ್ಟಾಯಿತು.

ಬ್ರೂಫೆನ್, ವೊವೆರಾನ್, ಜೆರೊಡಾಲ್, ನ್ಯಾಪ್ರಾಕ್ಸೆನ್, ನಿಮೆಸುಲೈಡ್ ಎಲ್ಲವೂ ಇದೇ ಜಾತಿ. ಡಿಸ್ಪ್ರಿನ್‌ನಲ್ಲಿರುವ ಆಸ್ಪಿರಿನ್ ಬೆಕ್ಕಿನ ಮೈಯಿಂದ ಇಳಿಯಲು ದಿನಗಟ್ಟಲೆ ಬೇಕು. ಶೀತದ ಮಾತ್ರೆಗಳಲ್ಲೂ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಇರುತ್ತದೆ, ಜೊತೆಗೆ ಎದೆಬಡಿತ ಏರಿಸುವ ಔಷಧಿ ಬೇರೆ. ಮಕ್ಕಳ ಸಿರಪ್ ಸೌಮ್ಯ ಅಂತ ನಂಬುವವರಿದ್ದಾರೆ. ಅದೂ ಅದೇ ಪ್ಯಾರಸಿಟಮಾಲ್. ಸಕ್ಕರೆ ಇಲ್ಲದ ಕೆಲವು ಸಿರಪ್‌ಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ದಿಢೀರ್ ಇಳಿಸುತ್ತದೆ.

ಹಚ್ಚುವುದಾದರೆ ಪರವಾಗಿಲ್ಲ ಅಂತ ವೊಲಿನಿ, ಮೂವ್, ಅಮೃತಾಂಜನ ತಿಕ್ಕುವವರೂ ಇದ್ದಾರೆ. ಪ್ರಾಣಿ ಅದನ್ನು ನೆಕ್ಕಿ ನುಂಗುತ್ತದೆ, ಅಷ್ಟೇ ಕಥೆ. ಅದಕ್ಕಿಂತ ವಿಚಿತ್ರ, ನೀವು ನಿಮ್ಮ ಮಂಡಿಗೆ ಹಚ್ಚಿಕೊಂಡದ್ದೂ ಸಾಕಾಗಬಹುದು. ಅಮೆರಿಕದ ಔಷಧ ಇಲಾಖೆ 2015ರಲ್ಲಿ ಎಚ್ಚರಿಕೆ ಕೊಟ್ಟಿತು. ಮಾಲೀಕರು ತಮ್ಮ ಮೈಗೆ ಹಚ್ಚಿಕೊಂಡ ಫ್ಲರ್ಬಿಪ್ರೊಫೇನ್ ಇದ್ದ ನೋವಿನ ಮುಲಾಮಿನಿಂದ ಅವರ ಬೆಕ್ಕುಗಳು ಸತ್ತಿದ್ದವು. ಹಚ್ಚಿಕೊಂಡರೆ ಬಟ್ಟೆ ಮುಚ್ಚಿ, ಕೈ ತೊಳೆದು, ಆಮೇಲೆ ಬೆಕ್ಕನ್ನು ಮುಟ್ಟಿ. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆಯೂ ಬೆಕ್ಕಿನಿಂದ ದೂರ ಇರಲಿ.

ಒಂದು ಪ್ರಾಣಿಗೆ ಹಿತವಾದದ್ದು ಇನ್ನೊಂದಕ್ಕೆ ವಿಷ ಅನ್ನುವುದಕ್ಕೆ ರಾಮನಗರದ ರಣಹದ್ದುಗಳಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ದನಕ್ಕೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ನಮ್ಮ ವೊವೆರಾನ್‌ನಲ್ಲಿರುವುದೇ. ದನ ಸತ್ತ ಮೇಲೆ ಆ ಮಾಂಸ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು ಅವು ಉದುರಿದವು. ಭಾರತದ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಹೋದವು. 2006ರಲ್ಲಿ ಪಶುಗಳಿಗೆ ಡೈಕ್ಲೋಫೆನಾಕ್ ನಿಷೇಧವಾಯಿತು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. 2023ರಲ್ಲಿ ಕೀಟೊಪ್ರೊಫೇನ್, ಅಸಿಕ್ಲೋಫೆನಾಕ್ ಕೂಡ ಪಶುಗಳ ಪಟ್ಟಿಯಿಂದ ಹೊರಗೆ ಹೋದವು. ಮನೆಯಲ್ಲಿ ದನ ಇರುವವರು ಹಳೇ ಇಂಜೆಕ್ಷನ್ ಬಾಟಲಿ ಇದ್ದರೆ ಒಮ್ಮೆ ಹೆಸರು ಓದಿ ನೋಡಿ.

ಡಾಕ್ಟರ್ ಸಿಗುವವರೆಗೆ ಮನೆಯಲ್ಲಿ

ಮೊದಲು ಓಡಾಟ ನಿಲ್ಲಿಸಿ. ಚಿಕ್ಕ ಕೋಣೆ, ದಪ್ಪ ಹಾಸಿಗೆ, ಹತ್ತಿರದಲ್ಲೇ ನೀರು. ಉಚ್ಚೆಗೆ ಮಾತ್ರ ಸರಪಳಿ ಹಿಡಿದು ಹೊರಗೆ. ಕುಂಟುವ ನಾಯಿಗೆ ಇದಕ್ಕಿಂತ ದೊಡ್ಡ ಔಷಧಿ ನೀವು ಕೊಡಲಾಗದು.

ಹೊಸ ಪೆಟ್ಟಿಗೆ, ಊತಕ್ಕೆ ತಣ್ಣನೆಯದು. ಐಸನ್ನು ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ನೇರವಾಗಿ ಚರ್ಮಕ್ಕಲ್ಲ. ಹಳೇ ಕೀಲುನೋವಿಗೆ ಉಗುರುಬೆಚ್ಚಗಿನ ಬಟ್ಟೆ ಹಿತ. ಎರಡನ್ನೂ ಅದು ಬೇಡವೆಂದು ಎದ್ದುಹೋದರೆ ಬಲವಂತ ಮಾಡಬೇಡಿ. ಮುರಿದಿದೆ ಅನಿಸಿದ ಕಾಲನ್ನು ಎಳೆದು ಸರಿಮಾಡಲು, ಬಿದಿರು ಕಟ್ಟಲು ಹೋಗಬೇಡಿ.

ನೋವಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಎತ್ತಿಕೊಳ್ಳುವ ಮೊದಲು ಮೆತ್ತನೆ ಬಟ್ಟೆ ಪಟ್ಟಿಯಿಂದ ಮೂತಿ ಸುತ್ತಿ ಕಿವಿ ಹಿಂದೆ ಗಂಟು ಹಾಕಿ, ಹೊಲದಲ್ಲಿ ಎತ್ತಿಗೆ ಕುಕ್ಕೆ ಹಾಕುವ ಹಾಗೆ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಕಷ್ಟವಿದ್ದರೆ, ಮೂತಿ ಚಪ್ಪಟೆಯಾದ ಪಗ್‌ನಂಥ ನಾಯಿಯಾದರೆ ಇದು ಬೇಡ. ಬೆಕ್ಕಾದರೆ ದಪ್ಪ ಟವೆಲಿನಲ್ಲಿ ಸುತ್ತಿ ಬುಟ್ಟಿಗೆ ಹಾಕಿ. ಕಚ್ಚಿಯೇಬಿಟ್ಟರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನಿಮ್ಮ ಡಾಕ್ಟರನ್ನು ಕಾಣಿ, ಮನೆ ನಾಯಿಯಾದರೂ ಸರಿ.

ಕ್ಲಿನಿಕ್ಕಿನಲ್ಲಿ ಹೇಳಬೇಕಾದ್ದು, ಕೇಳಬೇಕಾದ್ದು

ಮನೆಯಲ್ಲಿ ಮಾತ್ರೆ ಕೊಟ್ಟಿದ್ದರೆ ಮೊದಲ ಮಾತೇ ಅದಿರಲಿ. ಬೈತಾರೆ ಅಂತ ಮುಚ್ಚಿಡಬೇಡಿ. ನಿಮ್ಮ ಬ್ರೂಫೆನ್ ಇನ್ನೂ ರಕ್ತದಲ್ಲಿರುವಾಗ ಡಾಕ್ಟರ್ ಅದೇ ಜಾತಿಯ ಇಂಜೆಕ್ಷನ್ ಹಾಕಿದರೆ ಎರಡೂ ಸೇರಿ ಹೊಟ್ಟೆ ಸುಡುತ್ತವೆ. ಚರ್ಮದ ತುರಿಕೆಗೆ ವೈಸೊಲೋನ್‌ನಂಥ ಸ್ಟೀರಾಯ್ಡ್ ನಡೆಯುತ್ತಿದ್ದರೂ ಹೇಳಿ. ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆ ಒಟ್ಟಿಗೆ ಹೋಗಬಾರದು. ಒಂದನ್ನು ಬಿಟ್ಟು ಇನ್ನೊಂದು ಶುರು ಮಾಡಲು ಕೆಲವು ದಿನ ಅಂತರ ಬೇಕು.

ನಮ್ಮ ಕಡೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಉಣ್ಣೆ ಜ್ವರದ್ದು. ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುವ, ಮಂಕಾದ, ಊಟ ಬಿಟ್ಟ ನಾಯಿಗೆ ಎಷ್ಟೋ ಸಲ ಕಾರಣ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕೂತ ಉಣ್ಣೆಯೇ. ಎರ್ಲಿಕಿಯಾ ಅನ್ನುವ ಸೋಂಕಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬೀಳುತ್ತದೆ. ಆ ಹೊತ್ತಿಗೆ ಮನೆಯವರು ಕಾಂಬಿಫ್ಲಾಮ್ ಕೊಟ್ಟಿದ್ದರೆ ಮೂಗಿನಿಂದ, ಕರುಳಿನಿಂದ ರಕ್ತಸ್ರಾವ ಶುರುವಾಗಬಹುದು. ರಕ್ತ ಪರೀಕ್ಷೆ ಮಾಡಿಸೋಣ ಅಂದರೆ ದುಡ್ಡು ಕೀಳುತ್ತಾರೆ ಅಂತ ಗೊಣಗಬೇಡಿ.

ನಾಯಿಗೆಂದೇ ನೋವಿನ ಔಷಧಿಗಳಿವೆ. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೇನ್, ಫಿರೊಕಾಕ್ಸಿಬ್ ಅಂತ. ನರದ ನೋವಿಗೆ ಗ್ಯಾಬಪೆಂಟಿನ್ ಬರೆಯುವುದೂ ಉಂಟು. "ಮೆಲಾಕ್ಸಿಕ್ಯಾಮ್ ನಮ್ಮ ಮೆಡಿಕಲ್‌ನಲ್ಲೂ ಸಿಗುತ್ತಲ್ಲ" ಅನ್ನಬಹುದು. ಸಿಗುತ್ತದೆ, 7.5 ಮತ್ತು 15 ಮಿಲಿಗ್ರಾಂ ಮಾತ್ರೆ. ಆದರೆ ಐದು ಕಿಲೋ ನಾಯಿಗೆ ಡಾಕ್ಟರ್ ದಿನಕ್ಕೆ ಬರೆಯುವುದು ಸುಮಾರು ಅರ್ಧ ಮಿಲಿಗ್ರಾಂ. ಒಂದು 15ರ ಮಾತ್ರೆ ನುಂಗಿಸಿದರೆ ಒಂದು ತಿಂಗಳ ಔಷಧಿ ಒಂದೇ ಸಲ ಕೊಟ್ಟ ಹಾಗಾಯಿತು. ಬೆಕ್ಕಿಗೆ ಇನ್ನೂ ಕಡಿಮೆ, ಎಷ್ಟು ದಿನ ಅನ್ನುವುದೂ ಬೇರೆ. ನಾಯಿಯ ಬಾಟಲಿಯಿಂದ ಬೆಕ್ಕಿಗೆ ಹಾಕಬೇಡಿ. ಪಕ್ಕದ ಮನೆ ನಾಯಿಗೆ ಬರೆದ ಚೀಟಿಯೂ ಬೇಡ.

ಕ್ಲಿನಿಕ್ಕಿನಿಂದ ಹೊರಡುವ ಮುನ್ನ ಕೇಳಿ: ಊಟದ ಮೊದಲಾ, ಆಮೇಲಾ? ಎಷ್ಟು ದಿನ? ಒಂದು ಹೊತ್ತು ತಪ್ಪಿದರೆ ಏನು ಮಾಡಲಿ? ಊಟ ಬಿಟ್ಟರೆ, ವಾಂತಿ ಆದರೆ, ಮಲ ಕರಿಯಾದರೆ ಔಷಧಿ ನಿಲ್ಲಿಸಿ ಫೋನ್ ಮಾಡಬೇಕು. ತಪ್ಪಿದ ಡೋಸಿಗೆ ಎರಡು ಪಟ್ಟು ಕೊಡುವುದು ಬೇಡವೇ ಬೇಡ.

ವಯಸ್ಸಾದ ನಾಯಿಯ ಕೀಲುನೋವು

ಕರಿಯನಿಗೆ ಈಗ ಹನ್ನೊಂದು ವರ್ಷ. ಚಳಿಗಾಲದ ಬೆಳಿಗ್ಗೆ ಏಳಲು ಅವನಿಗೆ ಮೂರು ಪ್ರಯತ್ನ ಬೇಕು. ನಮ್ಮ ಮನೆಗೆ ಟೈಲ್ಸ್ ಹಾಕಿಸಿದಾಗ ಚೆಂದ ಅಂತ ನುಣುಪು ಆರಿಸಿದ್ದೆವು. ಅದರ ಮೇಲೆ ಅವನ ಹಿಂಗಾಲು ಜಾರಿ ಅಗಲವಾಗುತ್ತಿತ್ತು. ಈಗ ಮಲಗುವ ಜಾಗದಿಂದ ಬಾಗಿಲವರೆಗೆ ರಬ್ಬರ್ ಮ್ಯಾಟ್ ಹಾಸಿದ್ದೇವೆ. ಉಗುರು ಕತ್ತರಿಸುತ್ತೇವೆ. ಎರಡು ಮೈಲಿ ವಾಕಿಂಗ್ ಬದಲು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ.

ಕಷ್ಟವಾದದ್ದು ತೂಕ ಇಳಿಸುವುದು. 12 ಇದ್ದವನು 15 ಕಿಲೋ ಆಗಿದ್ದ. ಕಾರಣ ಎಲ್ಲರಿಗೂ ಗೊತ್ತಿತ್ತು, ಅತ್ತೆಗೆ ಹೇಳುವವರು ಯಾರು? ಕೊನೆಗೆ ಡಾಕ್ಟರೇ ಹೇಳಿದರು: "ಅಮ್ಮ, ನೀವು ಹಾಕುವ ತುಪ್ಪದ ಚಪಾತಿ ಅವನ ಮಂಡಿ ಮೇಲೆ ಕೂರುತ್ತೆ." ಒಂದು ವಾರ ಅತ್ತೆ ಮುನಿಸಿಕೊಂಡಿದ್ದರು. ಚಪಾತಿ ನಿಂತಿತು, ಬೇಯಿಸಿದ ಬೀನ್ಸ್, ಕುಂಬಳಕಾಯಿ ಬಂತು, ಈರುಳ್ಳಿ ಬೆಳ್ಳುಳ್ಳಿ ಹಾಕದೆ. ಐದು ತಿಂಗಳಲ್ಲಿ ಎರಡು ಕಿಲೋ ಇಳಿದ. ಡಾಕ್ಟರ್ ಔಷಧಿಯ ಪ್ರಮಾಣವನ್ನೂ ಇಳಿಸಿದರು.

ದಿನಾ ನೋವಿನ ಔಷಧಿ ತಿನ್ನುವ ನಾಯಿಗೆ ಲಿವರ್, ಕಿಡ್ನಿಯ ರಕ್ತ ಪರೀಕ್ಷೆ ಶುರುವಿನಲ್ಲಿ ಒಮ್ಮೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಮತ್ತೆ ಮತ್ತೆ ಆಗಬೇಕು. ಕರಿಯನದು ಆರು ತಿಂಗಳಿಗೊಮ್ಮೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅತ್ತೆಯೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಡುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲೇ.